ವೈರಮ್ಮನ ಅನುಮಾನ

ಯಾರು ಏನೇ ಹೇಳಲಿ, ವೈರಮ್ಮನ ಬಾಯಿಂದ ಮೊದಲು ಹೊರಡುತ್ತಿದ್ದುದು ಒಂದೇ ಮಾತು: "ಯಾವಾಗಿಂದ?" ಎಂಜಿನ್ ಹೊಗೆ ಕಾರುತ್ತಿದೆ ಎಂದರೂ ಯಾವಾಗಿಂದ, ಮಗಳಿಗೆ ಜ್ವರ ಎಂದರೂ ಯಾವಾಗಿಂದ, ಪಕ್ಕದ ಬೀದಿಯ ಮುದುಕ ತೀರಿಕೊಂಡನಂತೆ ಎಂದು ಗಂಡ ಬಾಗಿಲಲ್ಲೇ ನಿಂತು ಹೇಳಿದಾಗಲೂ ಕೈಯ ಸ್ಕ್ರೂಡ್ರೈವರ್ ಕೆಳಗಿಡದೆ ಅದೇ ಯಾವಾಗಿಂದ. ಸತ್ತವನನ್ನೂ ಯಾವಾಗಿಂದ ಸತ್ತಿದ್ದಾನೆ ಎಂದು ವಿಚಾರಿಸುವ ಹೆಂಗಸು ಈ ಭೂಮಂಡಲದಲ್ಲಿ ತನ್ನ ಹೆಂಡತಿಯೊಬ್ಬಳೇ ಇರಬೇಕೆಂದು ಆಕೆಯ ಗಂಡ, ವೃತ್ತಿಯಿಂದ ಕ್ಷೌರಿಕ, ಸ್ವಭಾವದಿಂದ ವಾಚಾಳಿ, ಕುರ್ಚಿಯಲ್ಲಿ ಕೂತ ಗಿರಾಕಿಗಳಿಗೆಲ್ಲ ಹೇಳಿ ನಗಿಸುತ್ತಿದ್ದ. ನಕ್ಕವರು ಆಮೇಲೆ ತಮ್ಮ ಗಾಡಿ ಕೆಟ್ಟಾಗ ಆಕೆಯ ಶೆಡ್ಡಿನ ಮುಂದೆ ಬಂದು ನಿಂತು, ಅದೇ ಪ್ರಶ್ನೆಗೆ ಉತ್ತರ ಹೊಳೆಯದೆ ತಲೆ ಕೆರೆದುಕೊಳ್ಳುತ್ತಿದ್ದರು.

ತಂದೆತಾಯಿ ಇಟ್ಟ ಹೆಸರು ಬೇರೆಯೇ ಇತ್ತು; ಅದು ಗಂಡನ ನಾಲಿಗೆಯಲ್ಲೂ ಸವೆದುಹೋಗಿತ್ತು. ಕಲ್ಲು ಕ್ವಾರಿಗಳಲ್ಲಿ, ರಸ್ತೆ ಕಡಿಯುವ ಜಾಗಗಳಲ್ಲಿ, ಮನೆಯಷ್ಟೆತ್ತರದ ಅಗೆಯುವ ಯಂತ್ರಗಳ ಹೊಟ್ಟೆಯೊಳಗಿನ ವೈರುಗಳನ್ನು ಬಲ್ಲ ಅಮ್ಮ ಎಂಬರ್ಥದಲ್ಲಿ ಆಪರೇಟರುಗಳು 'ವೈರ್ ಅಮ್ಮ' ಎಂದರು. ಅವಸರದ ಬಾಯಲ್ಲಿ ಅದು ವೈರಮ್ಮ ಆಯಿತು. ಯಾರ ಮೇಲೂ ದನಿಯೆತ್ತದ ಹೆಂಗಸಿಗೆ ವೈರವನ್ನೇ ಹೆಸರಾಗಿ ತಗುಲಿಸಿದ ಈ ವಿನೋದ ಯಾರಿಗೂ ವಿನೋದವಾಗಿ ಕಾಣದಷ್ಟು ಹಳತಾಗಿತ್ತು. ಇದ್ದ ಒಂದೇ ಒಂದು ವೈರ ಅಕ್ಕನ ಗಂಡನೊಡನೆ. ಅದನ್ನು ಮುಂದೆ ಹೇಳುತ್ತೇನೆ.

ಆಕೆ ನಡೆಯುವಾಗ ಬಲಕ್ಕೆ ವಾಲುತ್ತಿದ್ದಳು. ಬೂದು ಬಣ್ಣದ, ಮೊಣಕೈ ಬಳಿ ತೇಪೆ ಹಾಕಿದ ಒಂದು ಗಂಡಸರ ಕೋಟು. ಅದರ ಬಲ ಜೇಬಿನಲ್ಲಿ ವೋಲ್ಟು ಅಳೆಯುವ ಮೀಟರು, ಎಡ ಜೇಬಿನಲ್ಲಿ ಸೂಜಿಗಳು, ಬಟ್ಟೆಚೂರು, ಯಂತ್ರದ ಸಂದಿಗಳಲ್ಲಿ ಇಣುಕಲು ಹಿಡಿಯ ತುದಿಗೆ ಕಟ್ಟಿದ ಪುಟ್ಟ ಕನ್ನಡಿ. ವರ್ಷಾನುಗಟ್ಟಲೆ ಆ ಮೀಟರಿನ ಭಾರ ಹೊತ್ತು ಹೊತ್ತು, ಕೋಟು ಗೂಟಕ್ಕೆ ಸಿಕ್ಕಿಸಿ ಅಡುಗೆಮನೆಗೆ ಹೋಗುವಾಗಲೂ ಬಲಭುಜ ತಗ್ಗಿಯೇ ಇರುತ್ತಿತ್ತು. ಎಡ ಮೊಣಕಾಲು ಮಾತು ಕೇಳುತ್ತಿರಲಿಲ್ಲ. ಯಂತ್ರದ ಏಣಿ ಹತ್ತುವ ಮೊದಲು ಆ ಕಾಲನ್ನೊಮ್ಮೆ ಸೋಮಾರಿ ಎತ್ತನ್ನು ನೋಡಿದ ಹಾಗೆ ನೋಡಿ, "ಸಾಕಾಗಿದೆ ಕಣಪ್ಪ" ಎಂದು ಯಾರಿಗೋ ಹೇಳಿ ಹತ್ತುತ್ತಿದ್ದಳು. ದಿನಕ್ಕೆಷ್ಟು ಸಲ ಆಕೆ ಸಾಕಾಗಿದೆ ಎನ್ನುತ್ತಿದ್ದಳೋ ಲೆಕ್ಕವಿಲ್ಲ. ಫೋನು ರಿಂಗಾದೊಡನೆ ಕೋಟಿನ ಕಡೆ ಕೈ ಚಾಚುತ್ತಿದ್ದಳೆಂಬುದೂ ಅಷ್ಟೇ ನಿಜ.

ಹಳೆಯ ಕಾಲದ ಎಂಜಿನ್‌ಗಳು ಕೆಟ್ಟರೆ ಕೆಟ್ಟೆನೆಂದು ಕೂಗಿ ಹೇಳುತ್ತಿದ್ದವು. ಈಗಿನವು ಹಾಗಲ್ಲ. ಎಣ್ಣೆಯ ಒತ್ತಡ ಎಷ್ಟು, ನೀರಿನ ಶಾಖ ಎಷ್ಟು, ಡೀಸೆಲ್ಲು ಯಾವ ರಭಸದಲ್ಲಿ ಹರಿಯುತ್ತಿದೆ ಎಂಬುದನ್ನೆಲ್ಲ ಹೆಬ್ಬೆರಳುದ್ದದ ಸೆನ್ಸರುಗಳು ಕ್ಷಣಕ್ಷಣವೂ ಒಂದು ಕಂಪ್ಯೂಟರಿನ ಕಿವಿಯಲ್ಲಿ ಉಸುರುತ್ತಿರುತ್ತವೆ. ಉಸುರಿದ್ದು ಹಿಡಿಸದಿದ್ದರೆ ಆ ಕಂಪ್ಯೂಟರು ಪರದೆಯ ಮೇಲೊಂದು ಸಂಖ್ಯೆ ತೋರಿಸಿ ಎಂಜಿನ್ನಿನ ಕುತ್ತಿಗೆ ಅದುಮುತ್ತದೆ. ಸಂಖ್ಯೆ ಯಾವ ಸೆನ್ಸರನ್ನು ಹೆಸರಿಸಿತೋ ಅದನ್ನು ಕಿತ್ತು ಹೊಸದು ಹಾಕುವುದು ಎಲ್ಲೆಡೆಯ ರೂಢಿ. ವೈರಮ್ಮ ಮಾತ್ರ ಹೋದ ಕಡೆಯೆಲ್ಲ, "ತೆಗೆದಿದ್ದು ಎಲ್ಲಿ?" ಎಂದು ಕೇಳಿ, ಕಸದ ಡಬ್ಬದಿಂದ ಹಳೆಯದನ್ನು ಆರಿಸಿ ತಂದು, ಬಟ್ಟೆಯಲ್ಲೊರೆಸಿ, ಅದಕ್ಕೆ ಮೀಟರಿನ ತಂತಿಯ ತುದಿ ತಾಗಿಸಿ ನೋಡುತ್ತಿದ್ದಳು. ಬಹುಪಾಲು ಅವು ನಿರಪರಾಧಿಗಳೇ ಆಗಿರುತ್ತಿದ್ದವು. ಶೆಡ್ಡಿನ ಹಲಗೆಯೊಂದರ ಮೇಲೆ ಅಂಥ ಸುಳ್ಳು ಆಪಾದನೆಗೆ ಗುರಿಯಾದ ಸೆನ್ಸರುಗಳ ಸಾಲೇ ಇತ್ತು. ಗಂಡ ಅದನ್ನು ಅನಾಥಾಶ್ರಮ ಎನ್ನುತ್ತಿದ್ದ.

ಇನ್ನು ಭಾವನ ವಿಷಯ. ಅವರು ದೊಡ್ಡ ಕ್ವಾರಿಯಲ್ಲಿ ಎಕ್ಸ್‌ಕವೇಟರ್ ಆಪರೇಟರ್. ಬಂಡೆಯ ಕೆಳಗಿನ ಮೊಟ್ಟೆಯನ್ನು ಒಡೆಯದೆ ಎತ್ತಬಲ್ಲರು ಎಂಬ ಖ್ಯಾತಿಯವರು, ಆ ಖ್ಯಾತಿಯನ್ನು ತಾವೇ ನಂಬಿದವರು. ಆಕೆ ಈ ಕೆಲಸಕ್ಕೆ ಹೊಸಬಳಾಗಿದ್ದಾಗ ಒಮ್ಮೆ ಅವರ ಯಂತ್ರದ ಸ್ಟಾರ್ಟರ್ ನೋಡಲು ಹೋಗಿದ್ದಳು. ಭಾವ ಸೀಟಿನಿಂದಿಳಿದು, ನಾಲ್ಕು ಜನರ ಮುಂದೆ, "ಇವಳು ಕೈ ಹಾಕಿದ ಮಿಷನ್ ನಾನು ಹತ್ತಲ್ಲ" ಎಂದುಬಿಟ್ಟರು. ಆಕೆ ಚೀಲ ಎತ್ತಿಕೊಂಡು ಹಿಂತಿರುಗಿದಳು. ಅಂದಿನಿಂದ ಇಬ್ಬರ ನಡುವೆ ಮಾತಿಲ್ಲ. ಅಕ್ಕನ ಮನೆಗೆ ಹೋದರೂ, "ಭಾವಂಗೆ ಹೇಳು, ಗೇಟು ಹಾಕ್ಕೊಳ್ಳಲಿ" ಎಂದು ಅಕ್ಕನ ಮೂಲಕವೇ ಸಂದೇಶ. ಎದುರಿಗೇ ಕೂತ ಭಾವ, "ಹಾಕ್ಕೋತಾರಂತೆ ಅಂತ ಹೇಳು" ಎನ್ನುತ್ತಿದ್ದರು. ಅಕ್ಕ ನಡುವೆ ಅಂಚೆಯಣ್ಣನಾಗಿ ಮುದುಕಿಯಾದಳು.

ಆ ಅಕ್ಕ ಒಂದು ಮಧ್ಯಾಹ್ನ ಶೆಡ್ಡಿಗೆ ಬಂದು, ಬೋರಲು ಹಾಕಿದ ಬ್ಯಾಟರಿ ಡಬ್ಬದ ಮೇಲೆ ಕೂತು, ಬಹಳ ಹೊತ್ತು ತನ್ನ ಚಪ್ಪಲಿಯನ್ನೇ ನೋಡಿ, "ಅವರು ಸರಿ ಇಲ್ಲ ಕಣೆ" ಎಂದಳು.

"ಯಾವಾಗಿಂದ?"

"ನಿನ್ನ ಬಾಯಿಗಿಷ್ಟು! ಅವರೇನು ಮಿಷನ್ನಾ?" ಎಂದು ರೇಗಿದ ಅಕ್ಕ ರೇಗಿದಷ್ಟೇ ಬೇಗ ಅತ್ತಳು. ಅಳುವಿನ ನಡುನಡುವೆ ಹೊರಬಿದ್ದ ಸಂಗತಿ ಇಷ್ಟು. ಭಾವನ ಯಂತ್ರ ಇತ್ತೀಚೆಗೆ ಕೆಲಸದ ನಡುವೆ ತಾನಾಗಿ ಆರಿಹೋಗುತ್ತಿತ್ತು. ಪ್ರತಿ ಸಲವೂ ಒಂದೇ ರೀತಿ: ಕಲ್ಲು ತುಂಬಿದ ಬಕೆಟ್ ಮೇಲೆ ನೇತಾಡುತ್ತಿರುವಾಗ, ಅದರಡಿಗೆ ಟಿಪ್ಪರು ಹಿಮ್ಮುಖವಾಗಿ ಬರುತ್ತಿರುವಾಗ. ಮೊನ್ನೆ ಟಿಪ್ಪರಿನ ಡ್ರೈವರು ತಲೆಯ ಮೇಲೆ ಸದ್ದು ನಿಂತದ್ದು ಕೇಳಿ ಹಾರಿ ಓಡಿ, ತಿರುಗಿ ನೋಡಿದರೆ ಆಪರೇಟರ್ ತಲೆ ತಗ್ಗಿಸಿ ಕೂತಿದ್ದಾರೆ. ಮುದುಕ ನಿದ್ದೆ ಹೋಗಿದ್ದಾನೆ, ನಿದ್ದೆಯಲ್ಲಿ ಎಂಜಿನ್ ಆರಿಸಿದ್ದಾನೆ ಎಂದು ಅವನು ಸಾರಿದ. ಮೆಕ್ಯಾನಿಕ್ ಬಂದು ಪರದೆಯ ಮೇಲೆ ಕಂಡ ಮೂರು ಸೆನ್ಸರುಗಳನ್ನೂ ಬದಲಾಯಿಸಿದರೂ ಹಾಗೇ ಆಯಿತು. ಬೇರೆ ಆಪರೇಟರನ್ನು ಕೂರಿಸಿದರು. ಯಂತ್ರ ಒಮ್ಮೆಯೂ ಆರದೆ ನಡೆಯಿತು. ಮತ್ತೆ ಭಾವ ಕೂತರು, ಮತ್ತೆ ಆರಿತು. ಸೂಪರ್‌ವೈಸರ್, "ಕುಣಿಯೋಕೆ ಬಾರದವಳು ನೆಲ ಡೊಂಕು ಅಂದಳಂತೆ" ಎಂದು ನಕ್ಕು, ಅವರನ್ನು ಸೀಟಿನಿಂದಿಳಿಸಿ ಗೇಟಿನ ಬಳಿ ಸ್ಟೂಲು ಹಾಕಿ ಕೂರಿಸಿದ್ದ.

"ಅದಲ್ಲ ಕಣೆ ನನ್ನ ಸಂಕಟ" ಎಂದಳು ಅಕ್ಕ, ಮೂಗೊರೆಸಿಕೊಂಡು. "ಈಗ ಅವರೇ ಒಪ್ಕೊಂಡ್ಬಿಟ್ಟಿದ್ದಾರೆ. ಹೌದೇನೋ, ನಿದ್ದೆ ಹೋಗ್ತೀನೇನೋ, ನನಗೇ ಗೊತ್ತಾಗ್ತಿಲ್ಲವೇನೋ ಅಂತಾರೆ. ಊಟಕ್ಕೆ ಕೂತರೆ ತುತ್ತು ಕೈಯಲ್ಲಿ ಹಿಡ್ಕೊಂಡು, 'ನಾನು ಎಚ್ಚರ ಇದ್ದೀನಾ ನೋಡು' ಅಂತ ಕೇಳ್ತಾರೆ."

ವೈರಮ್ಮನಿಗೆ ಕರುಣೆ ಉಕ್ಕಿತು ಎಂದರೆ ಸುಳ್ಳಾದೀತು; ಮೊದಲು ಬಂದದ್ದು ಆಯಾಸ. ಆ ಕ್ವಾರಿಗೆ ಕಡಿದಾದ ದಾರಿ, ಬಿಸಿಲು, ಮೊಣಕಾಲು, ಮೇಲಿಂದ ಆ ಮನುಷ್ಯನ ಮುಖ. ಯಾರು ಕೈ ಹಾಕಬಾರದೆಂದರೋ ಅವರಿಗಾಗಿ ಕೈ ಹಾಕುವುದರಲ್ಲಿ ಜಂಬದ ಸುಖವೊಂದಿದೆ. ಅದನ್ನು ಸವಿಯುವ ವಯಸ್ಸೂ ಆಕೆಗೆ ಕಳೆದಿತ್ತು. ಆದರೆ ಮನಸ್ಸಿನ ಒಂದು ಮೂಲೆ ಆಗಲೇ ತನ್ನ ಕೆಲಸಕ್ಕೆ ಹೊರಟಿತ್ತು. ಮೂರು ಸೆನ್ಸರು ಒಟ್ಟಿಗೆ ಕೆಡುತ್ತವೆಯೆ? "ಮೂರು ಜನ ಒಂದೇ ಗಳಿಗೆಯಲ್ಲಿ ಸುಳ್ಳು ಹೇಳಲ್ಲ ಅಕ್ಕ," ಎಂದಳು ಕೊನೆಗೆ. "ಮೂವರಿಗೂ ಊಟ ಹಾಕೋ ಕೈ ಒಂದೇ ಇರುತ್ತೆ. ಆ ಕೈಗೇ ಏನೋ ಆಗಿದೆ."

ಮರುದಿನ ಕ್ವಾರಿಯಲ್ಲಿ ಆಕೆ ಭಾವನ ಬಳಿಗೆ ಹೋಗಲಿಲ್ಲ. ಗೇಟಿನ ಸ್ಟೂಲಿನ ಮೇಲೆ ಅವರು ಮಡಿಲಲ್ಲಿ ಕೈಯಿಟ್ಟು ಕೂತಿದ್ದರು. ಯಂತ್ರದ ಸನ್ನೆಕೋಲು ಹಿಡಿದು ಹಿಡಿದು ಬಾಗಿದ ಬೆರಳುಗಳು ಹಿಡಿಯಲು ಏನೂ ಇಲ್ಲದೆ ಅರ್ಧ ಮುಚ್ಚಿಕೊಂಡಿದ್ದವು. ಆಕೆ ಅದನ್ನು ಕಂಡು, ಕಾಣದವಳಂತೆ ದಾಟಿ, ಸೂಪರ್‌ವೈಸರನ ಕೋಣೆಗೆ ಹೋಗಿ ಕಿತ್ತ ಸೆನ್ಸರುಗಳನ್ನು ಕೇಳಿದಳು. ಮೂರೂ ಸಿಕ್ಕವು. ಮೂರೂ ಸರಿಯಿದ್ದವು.

"ಗಾಡಿ ಸರಿ ಇದೆ ಅಮ್ಮ," ಎಂದ ಸೂಪರ್‌ವೈಸರ್. ಅವನು ಕೆಟ್ಟವನಲ್ಲ, ಮೇಲಿನವರಿಗೆ ಉತ್ತರ ಹೇಳಿ ಹೇಳಿ ಬೇಸತ್ತವನು. "ಮನುಷ್ಯಂಗೆ ವಯಸ್ಸಾಗಿದೆ. ಅದಕ್ಕೆ ನಿಮ್ಮ ಹತ್ರ ಔಷಧಿ ಇದೆಯಾ? ಬಕೆಟ್ ಕೆಳಗೆ ನಾಳೆ ಯಾರಾದರೂ ಸತ್ತರೆ ನಾನೇನು ಮಾಡ್ಲಿ?"

"ನಿಮ್ಮ ಭಯ ಸರಿಯಾಗೇ ಇದೆ," ಎಂದಳು ವೈರಮ್ಮ. "ಒಂದು ದಿನ ಗಾಡಿ ನನಗೆ ಬಿಡಿ."

ಬೆಳಗೆಲ್ಲ ಆಕೆ ಹೊಸ ಆಪರೇಟರ್ ಕೆಲಸ ಮಾಡುವುದನ್ನು ಒಂದು ಕಲ್ಲಿನ ಮೇಲೆ ಕೂತು ನೋಡಿದಳು, ನೋಡಿದಳೆನ್ನುವುದಕ್ಕಿಂತ ಕೇಳಿದಳು. ಮೂವತ್ತರ ಹರೆಯದ ದೃಢಕಾಯ. ಎಂಜಿನ್ನಿನ ವೇಗದ ಡಯಲನ್ನು ತುದಿಗೆ ತಿರುಗಿಸಿಟ್ಟವನು ಮತ್ತೆ ಅದನ್ನು ಮುಟ್ಟಲಿಲ್ಲ. ಅಗೆಯುವಾಗಲೂ ಆರ್ಭಟ, ಟಿಪ್ಪರಿಗೆ ಕಾಯುವಾಗಲೂ ಅದೇ ಆರ್ಭಟ. ಊಟದ ಹೊತ್ತಿಗೆ ಅವನು ಬುತ್ತಿ ಬಿಚ್ಚಿದಾಗ ಆಕೆ ಪಕ್ಕಕ್ಕೆ ಹೋಗಿ ಕೂತು, "ಸಂಜೆ ಗಾಡಿ ಆರಿಸುವಾಗ ಏನು ಮಾಡ್ತೀಯಪ್ಪ?" ಎಂದಳು.

"ಡಯಲ್ ಇಳಿಸಿ, ಸ್ವಲ್ಪ ಹೊತ್ತು ತಣ್ಣಗಾಗೋಕೆ ಬಿಟ್ಟು, ಕೀ ತಿರುಗಿಸ್ತೀನಿ. ಎಲ್ಲರೂ ಮಾಡೋದೇ."

"ನೀನೇ ಆರಿಸ್ತೀಯಾ, ಅದೇ ಆರುತ್ತಾ?"

ಅವನು ನಕ್ಕ. "ಒಂದೊಂದ್ಸಲ ನನಗಿಂತ ಅದಕ್ಕೇ ಮನೆಗೆ ಹೋಗೋ ಅವಸರ. ಕೀ ಮುಟ್ಟೋ ಮುಂಚೆ ಆರಿರುತ್ತೆ."

"ಯಾವಾಗಿಂದ?"

ಅವನ ಕೈಯ ತುತ್ತು ಅರ್ಧದಲ್ಲೇ ನಿಂತಿತು. ಆರಿಸಬೇಕೆಂದೇ ಹೊರಟವನಿಗೆ ಯಂತ್ರ ತಾನೇ ಆರಿದರೆ ಅದೊಂದು ಸಂಗತಿಯೆ? ಹೇಳಿಕೊಳ್ಳುವಂಥದ್ದೆಂದು ಅವನಿಗೆ ತೋಚಿರಲೇ ಇಲ್ಲ. ಈಗ ತೋಚಿತು. "ಅಯ್ಯೋ" ಎಂದ. ಆಮೇಲೆ ಗೇಟಿನ ಕಡೆ ನೋಡಿದ, ಬುತ್ತಿ ಮುಚ್ಚಿಟ್ಟ.

ವೈರಮ್ಮ ಎದ್ದು, ವಾಲುತ್ತ, ಗೇಟಿನವರೆಗೆ ನಡೆದಳು. ಅಷ್ಟು ವರ್ಷಗಳ ಮೇಲೆ ಮೊದಲ ಸಲ ನೇರವಾಗಿ, "ಭಾವ, ಬನ್ನಿ. ಸೀಟಲ್ಲಿ ಕೂತ್ಕೋಬೇಕು" ಎಂದಳು.

ಅವರು ಆಕೆಯ ಹಿಂದೆ ಅಕ್ಕ ಇದ್ದಾಳೆಯೆ ಎಂದು ನೋಡಿದರು. ಅಕ್ಕ ಇರಲಿಲ್ಲ. "ಬೇಡಮ್ಮ," ಎಂದರು. "ನನ್ನ ಕೈಗೆ ಅದನ್ನ ಕೊಡಬೇಡಿ."

"ಬಕೆಟ್ ನೆಲದ ಮೇಲೆ ಇರುತ್ತೆ. ಸುತ್ತ ಒಂದು ನರಪಿಳ್ಳೆಯೂ ಇರಲ್ಲ. ಟಿಪ್ಪರಿಗೆ ಕಾಯುವಾಗ ನೀವು ಏನು ಮಾಡ್ತೀರೋ ಅಷ್ಟು ಮಾಡಿ ತೋರಿಸಿ, ಸಾಕು."

ಅವರು ಹತ್ತಿದರು. ಎಂಜಿನ್ನನ್ನು ಚೆನ್ನಾಗಿ ಬಿಸಿಯಾಗಲು ಬಿಟ್ಟು, ಆಕೆ ಹಿಂದಿನ ಬಾನೆಟ್ಟು ತೆರೆದು, ಸೆನ್ಸರಿನ ಕನೆಕ್ಟರೊಂದರ ಬೆನ್ನಿನಿಂದ ಸೂಜಿ ತೂರಿಸಿ ಮೀಟರು ಜೋಡಿಸಿ, ಕೈಯೆತ್ತಿದಳು. ಮೇಲೆ ಭಾವ ಡಯಲನ್ನು ಮೆಲ್ಲಗೆ ಇಳಿಸಿದರು. ಉಳಿದವರಾರೂ ಮಾಡದ ಕೆಲಸವದು. ಟಿಪ್ಪರು ಬರುವಷ್ಟು ಹೊತ್ತು ಎಂಜಿನ್ ಸುಮ್ಮನೆ ಅರಚುವುದೇಕೆ, ಅದೂ ಒಂದು ಉಸಿರು ತೆಗೆದುಕೊಳ್ಳಲಿ ಎಂದು ಅವರು ಪ್ರತಿ ಸಲವೂ ವೇಗ ತಗ್ಗಿಸಿ ಕಾಯುತ್ತಿದ್ದರು. ತಗ್ಗಿಸಿ, ಎಣ್ಣೆಯ ಒತ್ತಡ ಸರಿಯಿದೆಯೆ ಎಂದು ಪರದೆಯ ಕಡೆ ತಲೆ ಬಾಗಿಸುತ್ತಿದ್ದರು. ದೂರದಿಂದ ಕಂಡವರಿಗೆ ಅದು ತೂಕಡಿಕೆಯಾಗಿ ಕಂಡಿತ್ತು.

ಆರ್ಭಟ ಇಳಿದು ಗುಡುಗಾಯಿತು, ಗುಡುಗು ಇಳಿದು ಗೊಣಗಾಯಿತು. ವೇಗ ತಗ್ಗಿದಷ್ಟೂ ಆ ಮಹಾಕಾಯ ಎಂಜಿನ್ ತನ್ನ ರಬ್ಬರ್ ಕಾಲುಗಳ ಮೇಲೆ ಹೆಚ್ಚು ಹೊಯ್ದಾಡಿತು, ಚಳಿ ಹಿಡಿದವರಂತೆ ಅದಿರಿತು. ಮೀಟರಿನಲ್ಲಿ ಸೆನ್ಸರುಗಳಿಗೆ ಬೇಕಾದ ಐದು ವೋಲ್ಟು. ಐದು. ಐದು. ಹಠಾತ್ತನೆ ಸೊನ್ನೆ, ಎಂಜಿನ್ ಆರಿತು. ಮೇಲಿಂದ ಭಾವ, "ನಾನೇನೂ ಮುಟ್ಟಲಿಲ್ಲ! ಕೈ ನೋಡು, ಕೈ!" ಎಂದು ಎರಡೂ ಅಂಗೈಗಳನ್ನು ಹೊರಚಾಚಿ, ಶಾಲೆಯಲ್ಲಿ ಪೆಟ್ಟು ತಿನ್ನಲು ನಿಂತ ಹುಡುಗನಂತೆ, ಕೂಗಿದರು.

ಆಕೆ ಕನ್ನಡಿಯನ್ನು ಡೀಸೆಲ್ ಫಿಲ್ಟರಿನ ಹಿಂದಕ್ಕೆ ಚಾಚಿ ನೋಡಿದಳು. ಮೂರು ಸೆನ್ಸರುಗಳಿಗೂ ವಿದ್ಯುತ್ತು ಒಯ್ಯುವ ಒಂದೇ ತಂತಿ, ಹಿಡಿದಿಡುವ ಕ್ಲ್ಯಾಂಪು ಎಂದೋ ಉದುರಿ, ಕಬ್ಬಿಣದ ಬ್ರಾಕೆಟ್ಟಿನ ಅಂಚಿಗೆ ಜೋತುಬಿದ್ದಿತ್ತು. ಉಜ್ಜಿ ಉಜ್ಜಿ ಅದರ ತೊಗಲು ಉಗುರಿನಗಲ ಹರಿದಿತ್ತು. ಎಂಜಿನ್ ಜೋರಾಗಿ ಓಡುವಾಗ ಅಂಚಿನಿಂದ ಕೂದಲೆಳೆಯಷ್ಟು ದೂರ. ಬಿಸಿಯಾಗಿ, ಮೆತ್ತಗಾಗಿ, ವೇಗ ತಗ್ಗಿ ಹೊಯ್ದಾಡುವಾಗ ಮಾತ್ರ ಬರಿಮೈ ಕಬ್ಬಿಣಕ್ಕೆ ತಾಗುತ್ತಿತ್ತು. ತಾಗಿದೊಡನೆ ಮೂರೂ ಸೆನ್ಸರು ಮೂಕ, ಕಂಪ್ಯೂಟರು ದಿಗ್ಭ್ರಾಂತ, ಎಂಜಿನ್ ಸ್ತಬ್ಧ. ಯಂತ್ರವನ್ನು ಉಳಿದವರಿಗಿಂತ ಮೃದುವಾಗಿ ನಡೆಸಿದವರ ಕೈಯಲ್ಲಿ ಮಾತ್ರ ಅದು ಸಾಯುತ್ತಿತ್ತು.

ಇಷ್ಟು ಸಾಕಿತ್ತು. ತಂತಿ ಸರಿಮಾಡಿ, ಸೂಪರ್‌ವೈಸರನಿಗೆ ತೋರಿಸಿ ಹೊರಡಬಹುದಿತ್ತು. ಬಿಸಿಲಿಗೆ ಆಕೆಯ ತಲೆ ಸಿಡಿಯುತ್ತಿತ್ತು, ಮೊಣಕಾಲು ಮುಷ್ಕರ ಹೂಡಿತ್ತು. ಆದರೆ ಆಕೆ ಅದನ್ನು ಮುಟ್ಟದೆ, ಎಂಜಿನ್ನನ್ನು ಮತ್ತೆ ಚಾಲೂ ಮಾಡಿಸಿ, "ಇಳಿದು ಬನ್ನಿ ಭಾವ" ಎಂದಳು. ಅವರು ಬಂದು ಪಕ್ಕದಲ್ಲಿ ನಿಂತರು. ಎಂಜಿನ್ ಗೊಣಗುತ್ತಿತ್ತು. ಆಕೆ ಉದ್ದನೆಯ ಮರದ ಕಡ್ಡಿಯೊಂದರಿಂದ ಆ ತಂತಿಯನ್ನು ಅಂಚಿನಿಂದ ದೂರ ಹಿಡಿದಿದ್ದಳು; ಈಗ ಅದನ್ನು ಬ್ರಾಕೆಟ್ಟಿನ ಕಡೆಗೆ ನೂಕಿದಳು. ಎಂಜಿನ್ ಆರಿತು.

ಕ್ವಾರಿಯಲ್ಲಿ ಧೂಳು ಕೂರುವ ಸದ್ದೂ ಕೇಳುವಷ್ಟು ನಿಶ್ಶಬ್ದ.

"ಸೀಟಲ್ಲಿ ಯಾರಿದ್ದಾರೆ ನೋಡಿ" ಎಂದಳು ವೈರಮ್ಮ.

ಭಾವ ತಲೆಯೆತ್ತಿ ಖಾಲಿ ಸೀಟನ್ನು ನೋಡಿದರು. ನೋಡುತ್ತಲೇ ಇದ್ದರು. ಆಮೇಲೆ, "ಇನ್ನೊಂದ್ಸಲ ಮಾಡು" ಎಂದರು. ಮಾಡಿದಳು. "ಇನ್ನೊಂದ್ಸಲ." ಮತ್ತೆ ಹತ್ತಿ ಚಾಲೂ ಮಾಡಿ, ಇಳಿದು ಬಂದು, ಈ ಸಲ ಕಡ್ಡಿಯನ್ನು ತಾವೇ ಇಸಿದುಕೊಂಡರು. ಎಂಜಿನ್ ಆರಿದಾಗ ಅವರು ಬಾನೆಟ್ಟಿನ ಅಂಚು ಹಿಡಿದು, ಮುಖ ಆಚೆ ತಿರುಗಿಸಿ ನಿಂತರು. ಆಕೆ ಚೀಲದಲ್ಲಿ ಏನನ್ನೋ ಹುಡುಕುವವಳಂತೆ ಬಹಳ ಹೊತ್ತು ಹುಡುಕಿದಳು.

ಸೂಪರ್‌ವೈಸರ್ ಬಂದು ನೋಡಿ, "ಓ, ವೈರಾ?" ಎಂದ. "ಸರಿ, ನಾಳೆಯಿಂದ ನೀವೇ ಕೂತ್ಕೊಳ್ಳಿ" ಎಂದು ಭಾವನಿಗೆ ಹೇಳಿ, ಟಿಪ್ಪರುಗಳ ಕಡೆ ನಡೆದ. ಅವನಿಂದ ಕ್ಷಮೆಯ ಮಾತು ಬರಲಿಲ್ಲ. ಅವನಿಗೆ ಅದು ಬಾಕಿಯಿದೆಯೆಂದೂ ಗೊತ್ತಿರಲಿಲ್ಲ. ವೈರಮ್ಮ ಹೊಸ ತಂತಿ ಬೆಸೆದು, ಮೇಲೆ ಕೊಳವೆ ತೊಡಿಸಿ, ಕ್ಲ್ಯಾಂಪು ಬಿಗಿದಳು. ಹಿಂದಿರುಗುವ ದಾರಿಯಲ್ಲಿ ಭಾವ ಗೇಟಿನವರೆಗೆ ಆಕೆಯ ಚೀಲ ಹೊತ್ತುಕೊಂಡು ಬಂದರು. ಗೇಟಿನ ಬಳಿ ಅವರು, "ಕಾಲು ಯಾಕೆ ಹಾಗೆ ಹಾಕ್ತೀಯ?" ಎಂದರು. "ವಯಸ್ಸು" ಎಂದಳು. "ನನಗೂ ಅದೇ ಅಂದ್ರು" ಎಂದರು ಭಾವ. ಅವರ ಬಾಯಿಂದ ನಗೆಯೋ ನಿಟ್ಟುಸಿರೋ ತಿಳಿಯದ ಒಂದು ಸದ್ದು ಹೊರಟಿತು.

ಕಥೆ ಇಲ್ಲಿಗೆ ಮುಗಿದಿದ್ದರೆ ಎಲ್ಲರಿಗೂ ಸುಖವಾಗುತ್ತಿತ್ತು. ಮುಂದೊಂದು ದಿನ ಅದೇ ಕ್ವಾರಿಯ ಇನ್ನೊಂದು ಯಂತ್ರ ನೋಡಲು ಹೋದ ವೈರಮ್ಮ, ಗುಡ್ಡದ ಆಚೆಯಿಂದ ಭಾವನ ಎಂಜಿನ್ನಿನ ದನಿ ಕೇಳಿ ಕೆಲಸ ನಿಲ್ಲಿಸಿದಳು. ಅಗೆಯುವಾಗ ಆರ್ಭಟ. ಟಿಪ್ಪರಿಗೆ ಕಾಯುವಾಗಲೂ ಅದೇ ಆರ್ಭಟ. ಕಿವಿಗೊಟ್ಟು ಕಾದಳು, ಡಯಲು ಒಮ್ಮೆಯೂ ಇಳಿಯಲಿಲ್ಲ. ತಂತಿ ಸರಿಯಾಗಿದೆ, ಇನ್ನು ಇಳಿಸಬಹುದು ಎಂದು ಅಕ್ಕನ ಮೂಲಕ ಹೇಳಿಸಿದಳು; ನೇರವಾಗಿಯೂ ಹೇಳಿದಳು. "ಗೊತ್ತಮ್ಮ, ನಾನೇ ನೋಡಿದ್ದೀನಲ್ಲ," ಎಂದರು ಅವರು. "ಆದರೆ ಸದ್ದು ಇಳಿದ ತಕ್ಷಣ ನನ್ನ ಎದೆ ಹೊಡ್ಕೊಳ್ಳುತ್ತೆ. ಎಚ್ಚರ ಇದ್ದೀನಾ ಅಂತ ಕೈ ಚಿವುಟಿಕೊಳ್ತೀನಿ. ಜೋರಾಗೇ ಇರಲಿ ಬಿಡು." ಸ್ವಲ್ಪ ಕಾಲದ ಮೇಲೆ ತಾವಾಗಿಯೇ ಆ ಸೀಟು ಬಿಟ್ಟು, ಕ್ವಾರಿಯ ರಸ್ತೆಗಳಿಗೆ ನೀರು ಚಿಮುಕಿಸುವ ಟ್ಯಾಂಕರು ಕೇಳಿ ಪಡೆದರು. ತಾನು ತಡವಾಗಿ ಹೋದೆನೆಂದು ವೈರಮ್ಮ ಯಾರಲ್ಲೂ ಹೇಳಿಕೊಳ್ಳಲಿಲ್ಲ. ಆದರೆ ಅದಾದ ಮೇಲೆ ಫೋನು ರಿಂಗಾದಾಗ ಸಾಕಾಗಿದೆ ಎನ್ನುವ ಮೊದಲೇ ಕೋಟು ಮೈಮೇಲಿರುತ್ತಿತ್ತು ಎಂದು ಅವಳ ಗಂಡ ಹೇಳುತ್ತಾನೆ, ನಗಿಸುವ ದನಿಯಲ್ಲಲ್ಲ.

ಇಂಥವರ ದಣಿವು ದೇಹದ್ದಷ್ಟೇ ಅಲ್ಲ. ಎಲ್ಲರೂ ತೀರ್ಮಾನಕ್ಕೆ ಬಂದು ಕೈತೊಳೆದುಕೊಂಡ ಮೇಲೆ ಇವರ ಕೆಲಸ ಶುರುವಾಗುತ್ತದೆ. ಸುಲಭವಾಗಿ ಸಿಕ್ಕ ಉತ್ತರವನ್ನು ನಂಬಲಾರದ ಶಾಪ ಹೊತ್ತು, ಕಣ್ಣಿಗೆ ಕಾಣದ ಸಂದಿಗಳಲ್ಲಿ ಕಾಣದ ಬಿರುಕನ್ನು ಹುಡುಕುತ್ತ, ಸಿಕ್ಕಾಗ ಅದು ಇಷ್ಟು ಚಿಕ್ಕದೆ ಎಂಬ ತಾತ್ಸಾರವನ್ನೇ ಸಂಭಾವನೆಯಾಗಿ ಪಡೆದು ಇವರು ಮನೆಗೆ ನಡೆಯುತ್ತಾರೆ. ಅನುಮಾನ ಎಂಬುದನ್ನು ನಾವು ದುರ್ಗುಣಗಳ ಪಂಕ್ತಿಯಲ್ಲಿ ಕೂರಿಸಿದ್ದೇವೆ. ಆದರೆ ಮನುಷ್ಯನ ಮೇಲೆ ಬೆರಳು ತೋರುವ ಮುನ್ನ ತಂತಿ ತಂತಿಯನ್ನೂ ಅನುಮಾನಿಸಿ, ಕೊನೆಯ ತಂತಿಯವರೆಗೂ ಆ ಮನುಷ್ಯನನ್ನು ಹೊರಗಿಟ್ಟು ಕಾಪಾಡುವ ಅನುಮಾನವೊಂದಿದೆ. ಅದಕ್ಕೆ ನಮ್ಮ ನುಡಿಯಲ್ಲಿ ಹೆಸರಿಲ್ಲ; ಪ್ರೀತಿ ಎಂದರೆ ಅದನ್ನು ಮಾಡುವವರೇ ಸಂಕೋಚದಿಂದ ಒಪ್ಪಲಾರರು. ಲೋಕದ ಯಂತ್ರಗಳು ನಡೆಯುತ್ತಿರುವುದು ಇವರಿಂದ ಎಂಬುದು ಸಣ್ಣ ಮಾತು. ಕೆಲವರಾದರೂ ತಮ್ಮ ಕೈಗಳನ್ನು ತಾವೇ ಇನ್ನೂ ನಂಬಿ ಬದುಕಿರುವುದು ಇವರಿಂದ. ಅದೂ ಇವರು ಹೊತ್ತಿಗೆ ಸರಿಯಾಗಿ ಬಂದಾಗ.